ಬಾವಿಗೋಡೆಯ ಜರೀಗಿಡ

ನಮ್ಮ ಶಾಲೆಯಲ್ಲಿ ಕಲಿತು ಸೇಡಂ, ಚಿತ್ತಾಪುರಗಳ ಕಡೆಯಲ್ಲಿ ಮನೆ ಹೂಡಿದ ಸಹೋದರಿಯರೊಡನೆ ಕೈತೋಟದ ಮಾತೆತ್ತಿದರೆ, "ಈ ಬಿಸಿಲಿನಲ್ಲಿ ಜರೀಗಿಡವು ಹೇಗೆ ಬಾಳೀತು? ಅದು ಮಲೆನಾಡಿನ ಸೊತ್ತು" ಎನ್ನುವವರೇ ಬಹಳ. ದೂರದ ನರ್ಸರಿಯಿಂದ ಕೊಂಡುತಂದ ಕುಂಡವು ವೈಶಾಖದಲ್ಲಿ ಸುಟ್ಟುಹೋದಾಗ ಅವರಿಗೆ ತಮ್ಮ ಮಾತೇ ನಿಜವೆಂದು ತೋರುವದು. ಇದು ತಪ್ಪು ತಿಳುವಳಿಕೆಯೆಂಬದು ನನ್ನ ಮತ.

ಹಳೆಯ ಕಲ್ಲುಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿರಿ. ಕೂದಲಿನಂತೆ ತೆಳ್ಳಗೆ ಕಪ್ಪಾಗಿ ಹೊಳೆಯುವ ಕಡ್ಡಿಗಳಿಂದ ಬೀಸಣಿಗೆಯಂಥ ಎಳೆಹಸುರು ಎಲೆಗಳು ತೂಗುತ್ತಿರುವವು. ಅದೇ ಹಂಸರಾಜ. ಯುನಾನಿ ಹಕೀಮರು ಅದನ್ನು ಪರಸಿಯಾವಶಾನ್ ಎಂದು ಕರೆದು ಕೆಮ್ಮಿನ ಔಷಧದಲ್ಲಿ ಬಳಸುವರು. ಶಾಸ್ತ್ರಜ್ಞರಿಟ್ಟ ಅಡಿಯಾಂಟಮ್ ಎಂಬ ಹೆಸರಿಗೆ ಗ್ರೀಕ ಭಾಷೆಯಲ್ಲಿ "ತೊಯ್ಯದ್ದು" ಎಂದರ್ಥ. ನೀರು ಚಿಮುಕಿಸಿದರೆ ಹನಿಗಳು ಎಲೆಯ ಮೇಲಿಂದ ಮುತ್ತಿನಂತೆ ಉರುಳಿಹೋಗುವವು. ಹೂವಿಲ್ಲ, ಬೀಜವಿಲ್ಲ, ಎಲೆಯಂಚಿನ ಮಡಿಕೆಯ ಕೆಳಗಿರುವ ಕಂದು ಧೂಳಿನಿಂದಲೇ ಅದರ ಸಂತತಿ. ತಂಪೂ ತೇವವೂ ದೊರೆತರೆ ವರುಷವಿಡೀ ಹಸುರಾಗಿರುವದು.

ಈ ಗಿಡಕ್ಕೆ ಸುಣ್ಣವೆಂದರೆ ಬಲು ಪ್ರೀತಿ. ಶಹಾಬಾದದ ಪರಸಿಯಾಗಲಿ, ವಾಡಿಯಲ್ಲಿ ಸಿಮೆಂಟಾಗುವ ಕಲ್ಲಾಗಲಿ ಸುಣ್ಣದ ಕಲ್ಲೇ ಅಲ್ಲವೆ? ಹಾಗಾದರೆ ಇದು ನಮ್ಮ ನೆಲಕ್ಕೆ ಹೊರಗಿನದು ಹೇಗಾದೀತು!

ಮಳೆ ಹಿಡಿದ ಮೇಲೆ ಬೇರಿನ ಒಂದು ಚಿಕ್ಕ ತುಂಡನ್ನು ತಂದು, ಇಟ್ಟಂಗಿಯ ಚೂರು, ಹಳೆಯ ಗಚ್ಚಿನ ಪುಡಿ, ಎಲೆಗೊಬ್ಬರ, ಸ್ವಲ್ಪ ಉಸುಕು ಕೂಡಿಸಿದ ಮಣ್ಣಿನ ಕುಂಡದಲ್ಲಿ ನೆಡಬೇಕು. ಎರೆಮಣ್ಣು ಬೇಡ, ಅದರಲ್ಲಿ ನೀರು ನಿಂತು ಬೇರು ಕೊಳೆಯುವದು. ಕುಡಿಯುವ ನೀರಿನ ಕೊಡಗಳು ಜಿನುಗುವ ನೆರಳಿನ ಮೂಲೆಯೇ ಉತ್ತಮ ಸ್ಥಳ. ಬಿಸಿಗಾಳಿ ಬಡಿದು ಎಲೆ ಒಣಗಿದರೆ ಗಿಡ ಸತ್ತಿತೆಂದು ಕಿತ್ತೊಗೆಯಬಾರದು. ಒಣಗಿದ ಕಡ್ಡಿಗಳನ್ನು ಕತ್ತರಿಸಿ ಬೇರಿಗೆ ತೇವ ಕೊಡುತ್ತಿದ್ದರೆ ಮರಳಿ ಚಿಗುರುವದುಂಟು. ಸಾಬೂನಿನ ನೀರನ್ನು ಮಾತ್ರ ಹಾಕಬೇಡಿರಿ.

ಇಷ್ಟು ಹೇಳುವದಕ್ಕೆ ಬೇರೊಂದು ಕಾರಣವೂ ಇದೆ. ಮನೆಗೆ ನಳ ಬಂದ ಮೇಲೆ ನಾವು ಬಾವಿಗಳಲ್ಲಿ ಕಸ ತುಂಬುತ್ತಿದ್ದೇವೆ. ಉಳಿದ ಬಾವಿಗಳ ಕಲ್ಲುಸಂದುಗಳಿಗೆ ಸಿಮೆಂಟು ಮೆತ್ತುತ್ತಿದ್ದೇವೆ. ಸಂದು ಮುಚ್ಚಿದರೆ ಹಂಸರಾಜಕ್ಕೆ ನೆಲೆಯೇ ಇಲ್ಲ. ಚಿಂಚೋಳಿಯ ಅಡವಿಯಿಂದ ತರಬಹುದಲ್ಲ ಎನ್ನಬೇಡಿರಿ. 2011ರಲ್ಲಿ ಅದು ವನ್ಯಜೀವಿಧಾಮವಾಗಿದೆ, ಅಲ್ಲಿ ಅಪ್ಪಣೆಯಿಲ್ಲದೆ ಗಿಡ ಕೀಳುವದು ಅಪರಾಧ. ಬಾವಿಯಲ್ಲಿಯೂ ಗುಂಪನ್ನೆಲ್ಲ ಬಾಚಿ ತರದೆ ಒಂದೇ ತುಂಡು ಸಾಕು. ಬಾವಿಯಿಲ್ಲದವರು, ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತರುವಂತೆ, ಬೆಳೆಸಿದವರ ಕುಂಡದಿಂದ ಬೇಡಿ ತರಲಿ. ಗಿಡ ಹಬ್ಬಿದ ಮೇಲೆ ಅವರೂ ಇನ್ನೊಬ್ಬರಿಗೆ ಕೊಡಬಲ್ಲರು.