ಪೆಂಗ್ವಿನ್ ಕಲಿಸಿದ ಲೆಕ್ಕ

ಎಕನಾಮಿಕ್ಸ್ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದ ದಿನದಿಂದ ಮನೆಯಲ್ಲಿ ಗೇಮ್ ಎಂಬ ಮಾತೆತ್ತುವಂತಿಲ್ಲ. ಅಬ್ಬಾ ಹೇಳುವುದು ಅರ್ಧ ನಿಜ. ಆದರೆ ‘ಪ್ಯಾರೋಡಿಯಸ್’ ಅನ್ನು ಆ ಸಾಲಿಗೆ ಸೇರಿಸಬೇಡಿ. ಜಪಾನಿನ ಕೊನಾಮಿ ಕಂಪನಿ 1985ರಲ್ಲಿ ತಂದ ‘ಗ್ರೇಡಿಯಸ್’ ಎಂಬ ಗಂಭೀರ ಬಾಹ್ಯಾಕಾಶ ಯುದ್ಧದ ಆಟವನ್ನು 1988ರಲ್ಲಿ ತಾನೇ ಗೇಲಿ ಮಾಡಿದ್ದು ಇದು. ಇಲ್ಲಿ ಪೆಂಗ್ವಿನ್, ಆಕ್ಟೋಪಸ್ ಹಾರಿಕೊಂಡು ಹೋಗಿ ಗುಂಡು ಹೊಡೆಯುತ್ತವೆ!

ಒಂದೊಂದು ಕ್ಯಾಪ್ಸೂಲ್ ಸಿಕ್ಕಾಗಲೂ ಪರದೆಯ ಕೆಳಗಿನ ಪಟ್ಟಿಯಲ್ಲಿ ಗುರುತು ಒಂದು ಮನೆ ಮುಂದೆ ಹೋಗುತ್ತದೆ. ಮೊದಲು ವೇಗ, ಆಮೇಲೆ ಕ್ಷಿಪಣಿ, ಇನ್ನೂ ಮುಂದೆ ರಕ್ಷಾಕವಚ. ಈಗಲೇ ಅಗ್ಗದ್ದನ್ನು ತಗೊಳ್ಳಬೇಕೋ, ಕೂಡಿಡಬೇಕೋ? ಕವಚಕ್ಕಾಗಿ ಕೂಡಿಡುತ್ತಲೇ ಎಷ್ಟೋ ಸಲ ಸತ್ತಿದ್ದೇನೆ. ‘ಅವಕಾಶ ವೆಚ್ಚ’ ನನಗೆ ಅರ್ಥವಾದದ್ದು ಹೀಗೆ, ಆದರೆ ಟೆಸ್ಟ್ ಮುಗಿದ ಮೇಲೆ. ಈಗಿನ ಎಷ್ಟೋ ಮೊಬೈಲ್ ಗೇಮ್‌ಗಳಲ್ಲಿ ಅಪ್ಪನ ದುಡ್ಡಿನಿಂದ ಶಕ್ತಿ ಕೊಳ್ಳಬಹುದು. ಪೆಂಗ್ವಿನ್‌ಗೆ ಆ ಸೌಲಭ್ಯ ಇಲ್ಲ. ಇದನ್ನು ಅಬ್ಬಾಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ, ಮರುಪರೀಕ್ಷೆ ಸೋಮವಾರ.