ಬೆರೆಸಿದವರೆಲ್ಲ ಮಾಡಿದವರಲ್ಲ

ಫ್ರಾನ್ಸಿನ ದಕ್ಷಿಣದಲ್ಲಿರುವ ಗ್ರಾಸ್ ಎಂಬ ಗುಡ್ಡದೂರಿಗೆ ಹೋಗಿಬಂದವರ ಕಪಾಟಿನಲ್ಲಿ ಈಚೆಗೆ ಒಂದು ಸೀಸೆ ತಪ್ಪದೆ ಕಾಣಿಸುತ್ತಿದೆ. ಅದರ ಮೇಲೆ ಅವರೇ ಇಟ್ಟ ಹೆಸರು, ಪಕ್ಕದಲ್ಲಿ ಕಟ್ಟು ಹಾಕಿಸಿದ ಪ್ರಮಾಣಪತ್ರ. ಬಂದ ಅತಿಥಿಗಳ ಮಣಿಕಟ್ಟಿಗೆ ಒಂದಿಷ್ಟು ಸಿಂಪಡಿಸಿ ‘ಇದು ನಾನೇ ತಯಾರಿಸಿದ್ದು’ ಎನ್ನುವುದು ಈಗಿನ ಉಪಚಾರ. ಸೀಸೆಯ ಬಗ್ಗೆ ನಮಗೆ ಆಕ್ಷೇಪವಿಲ್ಲ. ಪರಿಮಳವೂ ಎಷ್ಟೋ ಸಲ ಹಿತವಾಗಿಯೇ ಇರುತ್ತದೆ. ನಮ್ಮ ತಕರಾರು ಇರುವುದು ಆ ‘ತಯಾರಿಸಿದ್ದು’ ಎಂಬ ಕ್ರಿಯಾಪದದೊಂದಿಗೆ.

ಅಲ್ಲಿ ನಡೆಯುವುದೇನೆಂದು ನಾವೂ ನೋಡಿದ್ದೇವೆ. ಊರಿನಲ್ಲಿ 1989ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸುಗಂಧ ವಸ್ತುಸಂಗ್ರಹಾಲಯವಿದೆ. ಸುತ್ತಲೂ ಹಳೆಯ ಸುಗಂಧ ಕಾರ್ಖಾನೆಗಳು, ಅವುಗಳದೇ ಚಿಕ್ಕ ಸಂಗ್ರಹಾಲಯಗಳು, ಅವುಗಳ ಕೊನೆಗೆ ತಪ್ಪದೆ ಒಂದು ಅಂಗಡಿ. ಕಾರ್ಯಾಗಾರಕ್ಕೆ ಹಣ ಕಟ್ಟಿದವರನ್ನು ಮೆಟ್ಟಿಲು ಮೆಟ್ಟಿಲಾಗಿ ಸೀಸೆ ಜೋಡಿಸಿದ ಮೇಜಿನ ಮುಂದೆ ಕೂರಿಸುತ್ತಾರೆ. ತಳದ ಗಂಧ, ನಡುವಿನ ಗಂಧ, ಮೇಲಿನ ಗಂಧ ಎಂದು ಮೂರು ಸಾಲು. ಮೂಸಿ, ಆರಿಸಿ, ಅಳತೆಯ ಗಾಜಿನ ಕೊಳವೆಯಲ್ಲಿ ಹೇಳಿದಷ್ಟು ಸುರಿಯಬೇಕು. ಒಂದೆರಡು ಗಂಟೆಯಲ್ಲಿ ಎಲ್ಲ ಮುಗಿದು, ನಿಮ್ಮ ಸೂತ್ರವನ್ನು ಅವರು ಬರೆದಿಟ್ಟುಕೊಳ್ಳುತ್ತಾರೆ, ಮುಂದೆ ನೀವು ಮತ್ತೆ ತರಿಸಿಕೊಳ್ಳಲೆಂದು. ಆ ಸೀಸೆಗಳಲ್ಲಿ ಬಹುಪಾಲು ಒಂದೊಂದೂ ಮೊದಲೇ ಹದಗೊಳಿಸಿದ ಮಿಶ್ರಣ. ಯಾವುದನ್ನು ಯಾವುದರೊಡನೆ ಸುರಿದರೂ ತೀರಾ ಕೆಡದಂತೆ ಬಲ್ಲವರೊಬ್ಬರು ಮುಂಚೆಯೇ ನೋಡಿಕೊಂಡಿರುತ್ತಾರೆ. ನಮ್ಮಂಥ ಹೊರನಾಡಿನವರಿಗೆ ಇದನ್ನು ವಿವರಿಸುವುದು ಸುಲಭ: ಊರಿನಿಂದ ತಂದ ಬಿಸಿಬೇಳೆಬಾತಿನ ಪೊಟ್ಟಣವನ್ನು ಬಿಸಿನೀರಿಗೆ ಹಾಕಿ, ಮೇಲೊಂದು ಚಮಚ ತುಪ್ಪ ಸುರಿದು, ‘ನನ್ನ ಕೈಯಡುಗೆ’ ಎಂದು ಬಡಿಸಿದಂತೆ. ಅದನ್ನೂ ನಾವು ಸಂತೋಷವಾಗಿಯೇ ಉಂಡಿದ್ದೇವೆ, ನಂಬಿಲ್ಲ ಅಷ್ಟೆ.

‘ಜಗತ್ತಿನಲ್ಲಿ ಇನ್ನಾರ ಬಳಿಯೂ ಇಲ್ಲದ ಪರಿಮಳ’ ಎಂಬುದು ಈ ವ್ಯಾಪಾರದ ದೊಡ್ಡ ಆಮಿಷ. ಇದು ಸುಳ್ಳೇನಲ್ಲ, ಅಗ್ಗದ ನಿಜ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಕೂಟಗಳಾಗುತ್ತವೆ ಎಂದು ಅಲ್ಲಿ ಲೆಕ್ಕ ಕೊಟ್ಟಿದ್ದಾನೆ. ಪ್ರಮಾಣ ಬದಲಿಸುತ್ತ ಹೋದರೆ ಸಂಖ್ಯೆ ಲಕ್ಷ ದಾಟುತ್ತದೆ. ಹದಿನಾರರಿಂದಲೇ ಇಷ್ಟಾದರೆ ಮೇಜಿನ ಮೇಲಿನ ನೂರಾರು ಸೀಸೆಗಳಿಂದ ಹುಟ್ಟುವ ‘ಅನನ್ಯತೆ’ ಗಣಿತದ ಕೊಡುಗೆಯೇ ಹೊರತು ಸುರಿದವನ ಪ್ರತಿಭೆಯದಲ್ಲ. ಇಸ್ಪೀಟಿನ ಕಟ್ಟನ್ನು ಚೆನ್ನಾಗಿ ಕಲಸಿದವನ ಕೈಯಲ್ಲೂ ಹಿಂದೆಂದೂ ಬಾರದ ಕ್ರಮವೇ ಬರುತ್ತದೆ. ಅದಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ.

2018ರಲ್ಲಿ ಯುನೆಸ್ಕೊ ಗ್ರಾಸ್ ಸೀಮೆಯ ಸುಗಂಧವಿದ್ಯೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಮೂರು ಸಂಗತಿಗಳ ಹೆಸರಿದೆ: ಸುಗಂಧದ ಗಿಡಗಳ ಬೇಸಾಯ, ನೈಸರ್ಗಿಕ ದ್ರವ್ಯಗಳ ತಿಳಿವಳಿಕೆ ಮತ್ತು ಸಂಸ್ಕರಣ, ಕೊನೆಗೆ ಸುಗಂಧದ ಸಂಯೋಜನೆ. ಕಾರ್ಯಾಗಾರ ಮಾರುವುದು ಮೂರನೆಯದರ ಒಂದು ಚೂರನ್ನು. ಮೊದಲೆರಡು ಗೋಡೆಯ ಮೇಲಿನ ಕಪ್ಪುಬಿಳುಪು ಚಿತ್ರಗಳಾಗಿ ಉಳಿಯುತ್ತವೆ.

ಆ ಮೊದಲೆರಡರಲ್ಲೇ ಇಡೀ ಊರಿನ ಕಥೆಯಿದೆ. ಗ್ರಾಸ್ ಮೊದಲು ಚರ್ಮ ಹದಮಾಡುವವರ ಊರು. ಕೈಗವಸಿನ ದುರ್ವಾಸನೆ ಅಡಗಿಸಲು ಪರಿಮಳ ಹಚ್ಚುವ ಪದ್ಧತಿ ಬಂದು, ಬರಬರುತ್ತ ಚರ್ಮ ಹಿಂದೆ ಸರಿದು ಪರಿಮಳವೇ ಉಳಿಯಿತು. ಮಲ್ಲಿಗೆಯ ವಿಷಯವನ್ನೇ ನೋಡಿ. ಕಾಯಿಸಿದರೆ ಅದರ ಗಂಧ ಕೆಡುತ್ತದೆ. ಆದರೆ ಗಿಡದಿಂದ ಕಿತ್ತ ಮೇಲೂ ಹೂ ಗಂಟೆಗಟ್ಟಲೆ ಪರಿಮಳ ಬಿಡುತ್ತಲೇ ಇರುತ್ತದೆ. ಇದನ್ನು ಕಂಡುಕೊಂಡವರು ಮರದ ಚೌಕಟ್ಟಿನ ಗಾಜಿಗೆ ಶುದ್ಧ ಮಾಡಿದ ಕೊಬ್ಬನ್ನು ಸವರಿ, ಅದರ ಮೇಲೆ ಹೂಗಳನ್ನು ಒಂದೊಂದಾಗಿ ಮಲಗಿಸಿ, ಬಾಡಿದ್ದನ್ನು ತೆಗೆದು ಹೊಸತನ್ನು ಇಡುತ್ತ, ವಾರಗಟ್ಟಲೆ ಹೀಗೆ ಮಾಡಿ ಕೊಬ್ಬಿಗೆ ಗಂಧ ಕುಡಿಸುತ್ತಿದ್ದರು. ಆಮೇಲೆ ಅದನ್ನು ಮದ್ಯಸಾರದಲ್ಲಿ ತೊಳೆದು ಸಾರ ತೆಗೆಯುತ್ತಿದ್ದರು. ಆ ಚೌಕಟ್ಟುಗಳ ಮುಂದೆ ಸಾಲಾಗಿ ಕುಳಿತವರು ಹೆಂಗಸರು. ಪ್ಯಾಟ್ರಿಕ್ ಸ್ಯೂಸ್ಕಿಂಡ್‌ನ ‘ಪರ್ಫ್ಯೂಮ್’ ಕಾದಂಬರಿ ಓದಿದವರಿಗೆ ನೆನಪಿರಬಹುದು: ಬೆರೆಸುವ ವಿದ್ಯೆಯಲ್ಲಿ ಪ್ಯಾರಿಸಿನ ಯಜಮಾನನನ್ನೂ ಮೀರಿಸಿದ ಗ್ರೆನೂಯಿ ಕೊನೆಗೆ ಗ್ರಾಸಿಗೆ ಹೋಗುವುದು ಗಂಧವನ್ನು ಹೊರತೆಗೆಯುವುದು ಹೇಗೆಂದು ಕಲಿಯಲು. ಕಾದಂಬರಿಯ ಆ ರಾಕ್ಷಸನಿಗೆ ತಿಳಿದಿದ್ದ ತಾರತಮ್ಯ ಈ ಪ್ರಮಾಣಪತ್ರಗಳಿಗೆ ತಿಳಿದಂತಿಲ್ಲ.

ಒಂದು ಕಿಲೋ ಮಲ್ಲಿಗೆಯೆಂದರೆ ಸುಮಾರು 8,000 ಹೂ. ಒಂದು ಕಿಲೋ ಮಲ್ಲಿಗೆಯ ಸಾರಕ್ಕೆ 600 ಕಿಲೋಗೂ ಮೀರಿ ಹೂ ಬೇಕು. ಇಷ್ಟನ್ನೂ ಬೆಳಕು ಹರಿಯುವ ಹೊತ್ತಿಗೆ ಬಗ್ಗಿ ನಿಂತು ಕೈಯಲ್ಲೇ ಬಿಡಿಸಬೇಕು. ಇಂದು ಜಗತ್ತಿಗೆ ಬೇಕಾದ ಮಲ್ಲಿಗೆಯ ಸಾರ ಹೆಚ್ಚಾಗಿ ಬರುವುದು ಈಜಿಪ್ಟ್ ಮತ್ತು ಭಾರತದಿಂದ. ಭಾರತವೆಂದರೆ ಇಲ್ಲಿ ಮುಖ್ಯವಾಗಿ ತಮಿಳುನಾಡು. ಈಜಿಪ್ಟಿನ ತೋಟಗಳಲ್ಲಿ ಎಳೆಯ ಮಕ್ಕಳು ರಾತ್ರಿಯ ಹೊತ್ತು ಹೂ ಬಿಡಿಸುವುದನ್ನು 2024ರಲ್ಲಿ ಬಿಬಿಸಿಯ ತನಿಖೆ ಬಯಲಿಗೆ ತಂದಿತು. ಸೀಸೆಯ ಮೇಲೆ ಸಂದರ್ಶಕನ ಹೆಸರು ಬರೆಯಲು ಅಷ್ಟು ಉತ್ಸಾಹ ತೋರುವವರು ಹೂ ಬಂದ ಊರಿನ ಹೆಸರನ್ನಾದರೂ ಯಾಕೆ ಬರೆಯುವುದಿಲ್ಲ? ಹೂವಿನ ಸಂಗದಿಂದ ನಾರೂ ಸ್ವರ್ಗ ಸೇರಿತೆಂಬ ಮಾತು ನಮ್ಮಲ್ಲಿದೆ. ಇಲ್ಲಿ ನಾರು ತಾನೇ ಹೂವೆಂದು ಸಹಿ ಹಾಕುತ್ತಿದೆ.

ನಮ್ಮ ಮೇಜಿನ ಮೇಲೆ ‘ಸಂತಾಲ್’ ಎಂದು ಬರೆದ ಸೀಸೆಯೊಂದಿತ್ತು. ಕನ್ನಡಿಗರ ಕೈ ಸಹಜವಾಗಿ ಮೊದಲು ಅಲ್ಲಿಗೇ ಹೋಯಿತು. ಇದು ಯಾವ ದೇಶದ ಮರದ್ದು ಎಂದು ಕೇಳಿದ್ದಕ್ಕೆ ‘ಶ್ರೀಗಂಧದ ಛಾಯೆ’ ಎಂಬ ನಯವಾದ ಉತ್ತರ ಬಂತು. ಛಾಯೆಯೆಂದರೆ ಹೆಚ್ಚಿನ ಪಾಲು ಪ್ರಯೋಗಶಾಲೆಯ ಅಣು. ಶ್ರೀಗಂಧ ದುಬಾರಿಯೂ ದುರ್ಲಭವೂ ಆದ ಮೇಲೆ ಸ್ಯಾಂಡಲೋರ್, ಜಾವನಾಲ್ ಮೊದಲಾದವು ಅದರ ಜಾಗದಲ್ಲಿ ಬಂದು ಕುಳಿತಿವೆ. ಕೃತಕ ಅಣುಗಳ ಮೇಲೆ ನಮಗೆ ಹಗೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೂಮರಿನ್, ವೆನಿಲಿನ್ ಬಾರದಿದ್ದರೆ ಆಧುನಿಕ ಸುಗಂಧಕಲೆಯೇ ಇರುತ್ತಿರಲಿಲ್ಲ, ಕಾಡಿನ ಮೇಲಿನ ಒತ್ತಡವೂ ಇನ್ನಷ್ಟು ಹೆಚ್ಚುತ್ತಿತ್ತು. ಆದರೆ ಅದು ಅಣುವೆಂದು ಹೇಳುವ ಧೈರ್ಯವಿರಬೇಕು. ‘ಛಾಯೆ’ ಎಂದು ತೇಲಿಸಿದಾಗ ಮರವೂ ಮರೆಯಾಗುತ್ತದೆ, ರಸಾಯನಶಾಸ್ತ್ರಜ್ಞನೂ ಮರೆಯಾಗುತ್ತಾನೆ.

ಆ ಮರದ ಚರಿತ್ರೆಯನ್ನು ನಾವಾದರೂ ಬಲ್ಲೆವೇ? ರಾಜ್ಯೋತ್ಸವದ ವೇದಿಕೆಗಳಲ್ಲಿ, ಅದರಲ್ಲೂ ಹೊರನಾಡ ಸಂಘಗಳ ವೇದಿಕೆಗಳಲ್ಲಿ, ‘ಗಂಧದ ನಾಡು’ ಎನ್ನದೆ ಭಾಷಣ ಮುಗಿಯುವುದಿಲ್ಲ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಘೋಷಿಸಿದ. ಅಂದಿನಿಂದ ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರಕಾರದ ಸೊತ್ತಾಯಿತು. ಕಾವಲು ರೈತನದು, ಮರ ದೊರೆಯದು. ಕರ್ನಾಟಕದಲ್ಲಿ ಈ ಸ್ಥಿತಿ ಬದಲಾಗಲು 2001ರ ಕಾನೂನು ತಿದ್ದುಪಡಿಯವರೆಗೆ ಕಾಯಬೇಕಾಯಿತು. ನಡುವೆ ಒಂದು ಒಳ್ಳೆಯ ಅಧ್ಯಾಯವೂ ಇದೆ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಸಾಗುವುದು ನಿಂತಾಗ, ಮರವನ್ನು ಮಾರುವ ಬದಲು ಎಣ್ಣೆಯನ್ನೇ ತೆಗೆಯೋಣವೆಂದು ಮೈಸೂರು ಸರಕಾರ 1916ರಲ್ಲಿ ಎಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿತು. ಇಂದು ಅದೇ ಜಾತಿಯ ಮರ ಪಶ್ಚಿಮ ಆಸ್ಟ್ರೇಲಿಯದ ಕುನುನುರಾ ಸುತ್ತ ತೋಟವಾಗಿ ಬೆಳೆದಿದೆ. ಭಾಷಣದಲ್ಲಿ ಇದು ಯಾವುದೂ ಬರುವುದಿಲ್ಲ, ಮೇಜಿನ ಮೇಲಿನ ಸೀಸೆಯಲ್ಲಿ ಬಾರದ ಹಾಗೆಯೇ.

ನಮ್ಮ ಮನೆಗಳಲ್ಲಿ ಬೆಳಗ್ಗೆ ಸಾಣೆಕಲ್ಲಿನ ಮುಂದೆ ಕುಳಿತ ಅಜ್ಜ ಒಂದು ಬಟ್ಟಲು ಗಂಧಕ್ಕೆ ಅರ್ಧ ಗಂಟೆ ಕೈ ಸವೆಸುತ್ತಿದ್ದ. ಎದ್ದಾಗ ಅವನಾಡುತ್ತಿದ್ದುದು ‘ಗಂಧ ತೇದೆ’ ಎಂಬಷ್ಟೇ ಮಾತು. ‘ಮಾಡಿದೆ’ ಎಂದವನಲ್ಲ. ಕನ್ನಡಕ್ಕೆ ಇಲ್ಲಿ ಬಹು ಪ್ರಾಮಾಣಿಕವಾದ ಕ್ರಿಯಾಪದಗಳಿವೆ: ಗಂಧ ತೇಯುತ್ತೇವೆ, ಹೂ ಕಟ್ಟುತ್ತೇವೆ, ಧೂಪ ಹಾಕುತ್ತೇವೆ, ಎಣ್ಣೆ ಇಳಿಸುತ್ತೇವೆ. ಪ್ರತಿಯೊಂದೂ ಕೈ ಎಷ್ಟು ಕೆಲಸ ಮಾಡಿತೋ ಅಷ್ಟನ್ನೇ ಹೇಳುತ್ತದೆ. ಸಾವಿರ ವರ್ಷದ ಹಿಂದೆ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ವನ್ನು ಬರೆದಾಗ ಪಾಕ, ವೈದ್ಯ, ವೃಕ್ಷವಿದ್ಯೆಗಳ ಜೊತೆಗೆ ಸುಗಂಧಕ್ಕೂ ಸ್ಥಾನ ಕೊಟ್ಟ. ಇಂಥ ನುಡಿಯನ್ನು ಆಡುವ ನಾವು ಆಮದಾದ ಒಂದು ‘ತಯಾರಿಸಿದೆ’ಗೆ ಮಾರುಹೋಗುವುದು ಕ್ಷಮ್ಯವಲ್ಲ.

‘ಪ್ರವಾಸದಲ್ಲೊಂದು ಖುಷಿಯ ಆಟ, ಅದಕ್ಕೇಕೆ ಇಷ್ಟು ಸಿಟ್ಟು?’ ಎಂದು ಕೇಳುವ ಗೆಳೆಯರಿದ್ದಾರೆ. ಆಟ ಆಟವಾಗಿಯೇ ಇದ್ದರೆ ನಮಗೆ ಸಿಟ್ಟಿಲ್ಲ. ಆದರೆ ವಸ್ತುಸಂಗ್ರಹಾಲಯ ಇರುವುದೇ ನಾವು ಮಾಡಲಾರದ್ದನ್ನು, ಮಾಡಿದವರ ಸಮೇತ, ನಮಗೆ ತೋರಿಸಲು. ಎರಡು ಗಂಟೆ ಅಲ್ಲಿ ಕಳೆದವನು ಹೊರಬರುವಾಗ ತನ್ನ ಅಜ್ಞಾನದ ಅಳತೆ ಸ್ವಲ್ಪವಾದರೂ ತಿಳಿದಿರಬೇಕು. ಈ ಮೇಜು ಅವನನ್ನು ಕಲಾವಿದನೆಂದು ಹೊಗಳಿ ಕಳಿಸುತ್ತದೆ. ಈಗ ಬೆಂಗಳೂರು, ಮುಂಬಯಿ, ದೆಹಲಿಗಳಲ್ಲೂ ವಾರಾಂತ್ಯಕ್ಕೆ ಇದೇ ಮೇಜು ಹಾಕುತ್ತಿದ್ದಾರೆ. ಅಲ್ಲಂತೂ ಗೋಡೆಯ ಮೇಲಿನ ಚಿತ್ರಗಳೂ ಇರುವುದಿಲ್ಲ.

ದೆಹಲಿಯವರಿಗೆ ಕನೌಜ್ ಒಂದು ದಿನದ ದಾರಿ. ಅಲ್ಲಿ ತಾಮ್ರದ ‘ದೇಗ್’ಗೆ ಹೂವು ನೀರು ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆಯಿಂದ ಆವಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ‘ಭಪ್ಕಾ’ಕ್ಕೆ ಹಾಯಿಸುತ್ತಾರೆ. ಉರಿ ಎಷ್ಟಿರಬೇಕು, ಪಾತ್ರೆಯನ್ನು ಯಾವಾಗ ಬದಲಿಸಬೇಕು ಎಂಬುದನ್ನು ಕೆಲಸಗಾರ ಮುಟ್ಟಿ ನೋಡಿಯೇ ಹೇಳುತ್ತಾನೆ. ಭಪ್ಕಾದಲ್ಲಿ ಕಾದು ಕುಳಿತು ಹೂವಿನ ಗಂಧವನ್ನು ಹಿಡಿದಿಡುತ್ತಿದ್ದುದು ಶ್ರೀಗಂಧದ ಎಣ್ಣೆ. ಉತ್ತರದ ಗುಲಾಬಿ ದಕ್ಷಿಣದ ಮರದಲ್ಲಿ ಇಳಿಯುತ್ತಿತ್ತು. ಈಗ ಬೆಲೆ ತಡೆಯದೆ ಎಷ್ಟೋ ಕಡೆ ದ್ರವ ಪ್ಯಾರಾಫಿನ್ ಬಂದಿದೆ. ಒಳ್ಳೆಯ ಸಂಗ್ರಹಾಲಯವಾದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೂಸಿಸಬೇಕು, ಕೈಗೊಂದು ಕೊರಡು ಕೊಟ್ಟು ಸಾಣೆಕಲ್ಲಿನ ಮುಂದೆ ಅರ್ಧ ಗಂಟೆ ಕೂರಿಸಬೇಕು, 8,000 ಮೊಗ್ಗು ಎಣಿಸಿ ತೂಗಿಸಬೇಕು. ನಮ್ಮ ಬಳಗದವರು ಹೋಗುವುದಾದರೆ ಮಳೆಗೆ ಮುಂಚೆ, ಬೇಸಗೆಯಲ್ಲಿ ಹೋಗುವುದು ಮೇಲು. ಒಣಗಿದ ಮಣ್ಣನ್ನು ಸುಟ್ಟು ಬಟ್ಟಿಯಿಳಿಸಿ ಮೊದಲ ಮಳೆಯ ವಾಸನೆ ತೆಗೆಯುವ ಕಾಲ ಅದು.