ಹೊಳೆಯ ಬೇರು ನೆಲದೊಳಗಿದೆ

ಹೊಳೆ ಬತ್ತಿದರೆ ಮಳೆಯನ್ನು ಬಯ್ಯುವುದು ನಮ್ಮಲ್ಲಿ ರೂಢಿ. ಮಳೆಗಾಲದಲ್ಲಿ ಹರಿಯುವುದು ಮಳೆ ನೀರು, ಸರಿ. ಆದರೆ ಮಳೆ ನಿಂತು ಮೂರು ತಿಂಗಳಾದರೂ ಹಳ್ಳದಲ್ಲಿ ನೀರು ಹರಿಯುತ್ತಿತ್ತಲ್ಲ, ಅದು ಎಲ್ಲಿಯದು? ಅದು ನೆಲದೊಳಗಿನ ನೀರು. ಬೋರಿನ ನೀರು ಬೇರೆ, ಹೊಳೆ ನೀರು ಬೇರೆ ಅಂತ ಲೆಕ್ಕ ಹಾಕಿದ್ದಕ್ಕೇ ಹೊಳೆಗಳಿಗೆ ಈ ಗತಿ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಈ ಸೀಮೆಯ ಹಳಬರಿಗೆ ತಲಪರಿಗೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಹಳ್ಳದ ದಂಡೆಯಲ್ಲೋ ಕೆರೆಯಂಗಳದಲ್ಲೋ, ಮರಳು ನೆಲದಲ್ಲಿ ಸ್ವಲ್ಪ ತೋಡಿದರೆ ನೀರು ತಾನಾಗಿ ಉಕ್ಕುವ ಜಾಗವೇ ತಲಪರಿಗೆ. ಅಲ್ಲಿಂದ ಕಾಲುವೆ ತೆಗೆದು ಸರದಿ ಪ್ರಕಾರ ಗದ್ದೆಗೆ ಹಾಯಿಸುತ್ತಿದ್ದರು. ಊರವರು ಸೇರಿ ಹೂಳು ತೆಗೆದು ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು. ಕೆರೆ ಒಣಗಿದ ಬೇಸಿಗೆಯಲ್ಲೂ ಅಲ್ಲಿ ನೀರಿರುತ್ತಿತ್ತು, ಸುತ್ತಲ ಜೌಗಿನಲ್ಲಿ ದನಕ್ಕೆ ಹಸಿರು ಮೇವು ಇರುತ್ತಿತ್ತು. ಮೋಟರೂ ಬೇಡ, ಕರೆಂಟೂ ಬೇಡ.

ಇದರ ಗುಟ್ಟು ದೊಡ್ಡದಲ್ಲ. ದಿಣ್ಣೆ ಮೇಲೆ ಬಿದ್ದ ಮಳೆ ಮಣ್ಣಿಗಿಳಿದು ಗರಸಿನಲ್ಲಿ ತಂಗುತ್ತದೆ. ಅಡಿಯ ಬಂಡೆ ಅದನ್ನು ಸಲೀಸಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಇಳಿಜಾರು ಹಿಡಿದು ನಿಧಾನವಾಗಿ ತಗ್ಗಿಗೆ ಸಾಗುತ್ತದೆ. ನೆಲದೊಳಗಿನ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದರೆ ಹಳ್ಳಕ್ಕೆ ಒಸರುತ್ತದೆ. ಕೆಳಗಿಳಿದರೆ ಹಳ್ಳದ ನೀರನ್ನೇ ನೆಲ ಕುಡಿಯುತ್ತದೆ. ವಿಜ್ಞಾನಿಗಳು ಇದನ್ನು ರೇಡಾನ್ ಎಂಬ ಅನಿಲದಿಂದ ಪತ್ತೆ ಮಾಡುತ್ತಾರೆ. ಕಲ್ಲಿನಿಂದ ಅಂತರ್ಜಲಕ್ಕೆ ಸೇರುವ ಈ ಅನಿಲ, ನೀರು ಬಯಲಿಗೆ ಬಂದ ಮೇಲೆ ಗಾಳಿಗೆ ಹಾರಿಹೋಗುತ್ತದೆ. ಹೊಳೆಯಲ್ಲಿ ಅದು ಹೆಚ್ಚು ಸಿಕ್ಕ ಕಡೆ ಅಡಿಯಿಂದ ನೀರು ಬರುತ್ತಿದೆ ಎಂದರ್ಥ.

ನಮಗೆ ಅಷ್ಟೆಲ್ಲ ಬೇಡ, ಒಂದು ಹಗ್ಗ ಸಾಕು. ಹಳ್ಳದ ಹತ್ತಿರದ ತೆರೆದ ಬಾವಿಗೆ ಪ್ರತಿ ಅಮಾವಾಸ್ಯೆಗೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು, ನೀರು ಎಷ್ಟು ಅಡಿಗಿದೆ ಎಂದು ಬರೆದಿಡಿ. ಹಳ್ಳ ಯಾವಾಗ ನಿಂತಿತು ಎಂಬುದನ್ನೂ ಬರೆಯಿರಿ. ಎರಡು ವರ್ಷದಲ್ಲಿ ಎರಡರ ಸಂಬಂಧ ನಿಮಗೇ ಕಾಣುತ್ತದೆ.

ಅರ್ಕಾವತಿಯನ್ನೇ ನೋಡಿ. ನಂದಿಬೆಟ್ಟದಲ್ಲಿ ಹುಟ್ಟುವ ಈ ಹೊಳೆ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಕೊಡತೊಡಗಿತು. ಅದು ಬತ್ತಿದ್ದೇಕೆಂದು ಹುಡುಕಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೋಷ ಮಳೆಯದಲ್ಲ, ಬೋರ್‌ವೆಲ್ಲು ಮತ್ತು ನೀಲಗಿರಿ ತೋಪುಗಳದೇ ಮುಖ್ಯ ಪಾತ್ರ ಎಂದಿದ್ದಾರೆ. ನಮ್ಮ ಕಡೆ ಇದರ ಜೊತೆಗೆ ಮರಳು ಲಾರಿಗಳೂ ಸೇರಿವೆ. ನೀರು ಹಿಡಿದಿಡುವ ಮರಳೇ ಹೋದರೆ ತಲಪರಿಗೆ ಎಲ್ಲಿ ಉಳಿದೀತು?

“ನೀರಿಂಗಿಸಿ” ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ಇಂಗಿದ್ದನ್ನೆಲ್ಲ ಬೋರಿನಲ್ಲಿ ಎತ್ತಿದರೆ ಹೊಳೆಗೇನು ಉಳಿಯಿತು? ಇಂಗಿಸುವುದು ಅರ್ಧ ಕೆಲಸ, ಉಳಿಸುವುದು ಇನ್ನರ್ಧ.

“ಬೋರಿಲ್ಲದೆ ಬದುಕೋದು ಹೆಂಗೆ?” ಅನ್ನಬಹುದು. ಇರುವ ಬೋರು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ತಲಪರಿಗೆ, ಜೌಗು ಇರುವ ಜಾಗದ ಸುತ್ತ ಹೊಸ ಬೋರು ಬೇಡ, ಮರಳು ತೆಗೆಯುವುದು ಬೇಡ ಎಂದು ಊರೇ ಕಟ್ಟು ಮಾಡಲಿ. ಬಯಲುಸೀಮೆಯ ಹೊಲಕ್ಕೆಲ್ಲ ಅಡಿಕೆ ಇಡುವ ಮುಂಚೆ ನೀರಿನ ಲೆಕ್ಕ ನೋಡೋಣ. ರಾಗಿ, ತೊಗರಿ, ಅವರೆ ಮಳೆಯಲ್ಲೇ ಬೆಳೆಯುತ್ತವೆ. ಆಳಕ್ಕೆ ಕೊರೆಯುವ ಪೈಪೋಟಿಯಲ್ಲಿ ಸಾಲಗಾರನಾಗುವವನು ಎರಡೆಕರೆಯ ರೈತ. ತಲಪರಿಗೆ ನೀರಿನಲ್ಲಿ ಅವನಿಗೂ ಸರದಿ ಇತ್ತು, ಬೋರಿನ ನೀರು ದುಡ್ಡಿದ್ದವನದು.

ನಿಮ್ಮೂರಲ್ಲಿ ಒರತೆ ಎಲ್ಲೆಲ್ಲಿತ್ತು ಎಂದು ಈ ವರ್ಷವೇ ಹಿರಿಯರನ್ನು ಕರೆದುಕೊಂಡು ಹೋಗಿ ಗುರುತು ಮಾಡಿ. ಅವರ ಕಾಲ ಮುಗಿದರೆ ಜಾಗ ತೋರಿಸುವವರೂ ಇರುವುದಿಲ್ಲ.